ಹಾಟ್ ಟಬ್ ನೀರಿನ ಹದ: ಬೋರ್‌ವೆಲ್ ನೀರಿನವರಿಗೆ ಒಂದು ಮಾರ್ಗದರ್ಶಿ

ಧಾರವಾಡದಿಂದ ಹಳಿಯಾಳ ಕಡೆಗೋ ಕಲಘಟಗಿ ಕಡೆಗೋ ಹೊರಟರೆ ಈಗ ತೋಟದ ಮನೆಗಳಲ್ಲಿ, ಹೋಮ್‌ಸ್ಟೇಗಳಲ್ಲಿ ಹಾಟ್ ಟಬ್ ಕಾಣಸಿಗುತ್ತವೆ. ಹುಬ್ಬಳ್ಳಿಯಲ್ಲಿ ಕೆಲವರು ಗಾಳಿ ತುಂಬುವ ಟಬ್ ತರಿಸಿ ಟೆರೇಸ್ ಮೇಲೆ ಇಟ್ಟುಕೊಂಡಿದ್ದಾರೆ. (ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಟೆರೇಸ್ ಮೇಲೆ ಇಡುವ ಮುಂಚೆ ಎಂಜಿನಿಯರ್‌ಗೆ ಒಂದು ಮಾತು ಕೇಳಿ.) ಮೊದಲ ಕೆಲವು ವಾರ ಎಲ್ಲ ಚೆನ್ನ. ಆಮೇಲೆ ಶುರುವಾಗುತ್ತದೆ. ನೀರು ಮಬ್ಬಾಗುತ್ತದೆ, ಅಂಚಿಗೆ ಬಿಳಿ ಪಟ್ಟೆ ಕೂರುತ್ತದೆ, ಕಣ್ಣು ಉರಿಯುತ್ತದೆ, ಮೈ ತುರಿಸುತ್ತದೆ. 'ಕ್ಲೋರಿನ್ ಜಾಸ್ತಿ ಆಗೇತ್ರಿ' ಅನ್ನುತ್ತಾನೆ ಟಬ್ ನೋಡಿಕೊಳ್ಳುವ ಹುಡುಗ. ಬಹಳ ಸಲ ನಿಜ ಇದರ ಉಲ್ಟಾ ಇರುತ್ತದೆ.

ಟಬ್ ಜತೆ ಬರುವ ಪುಸ್ತಿಕೆ ಸಾಮಾನ್ಯವಾಗಿ ಹೊರದೇಶದ ನಲ್ಲಿ ನೀರನ್ನು ನೆನೆದು ಬರೆದದ್ದು. ಅದರಲ್ಲಿ ಕ್ಯಾಲ್ಸಿಯಂ ಹೆಚ್ಚಿಸುವ ಪುಡಿ ಹಾಕಿ ಅಂತ ಒಂದು ಹಂತ ಇರುತ್ತದೆ. ರೋಣದ ಕಡೆಯ ಸವಳು ಬೋರ್‌ವೆಲ್ ನೀರಿಗೆ ಆ ಪುಡಿ ಹಾಕಿದರೆ ನಾವೇ ಕೈಯಾರೆ ಹೀಟರ್‌ಗೆ ಸುಣ್ಣ ಬಳಿದಂತೆ. ನಮ್ಮ ಭಾಗದಲ್ಲಿ ಟಬ್‌ನ ಅರ್ಧ ಜಗಳ ಪೈಪ್ ಹಚ್ಚುವ ಮೊದಲೇ ತೀರಬೇಕು ಅನ್ನುವುದು ನನ್ನ ಅಭಿಪ್ರಾಯ. ನೀರಿನಲ್ಲಿ ಇಲ್ಲದ್ದನ್ನು ಹಾಕುವುದು ಸುಲಭ. ಇರುವುದನ್ನು ತೆಗೆಯುವುದು ಕಷ್ಟ.

ಇನ್ನೊಂದು ಮಾತು. ಬಾತ್‌ರೂಮಿನಲ್ಲಿ ಕೂಡಿಸಿರುವ, ಪ್ರತಿ ಸಲ ತುಂಬಿ ಪ್ರತಿ ಸಲ ಖಾಲಿ ಮಾಡುವ ಟಬ್‌ಗೆ ಈ ಲೇಖನ ಬೇಕಿಲ್ಲ. ಒಂದೇ ನೀರನ್ನು ವಾರಗಟ್ಟಲೆ ಬಿಸಿಯಾಗಿ ಇಟ್ಟುಕೊಂಡು, ಫಿಲ್ಟರ್ ಮಾಡುತ್ತ ಬಳಸುವ ಟಬ್‌ಗೆ ಬೇಕು.

ಯಾವ ನೀರು ತುಂಬುತ್ತೀರಿ?

ಹುಬ್ಬಳ್ಳಿ-ಧಾರವಾಡಕ್ಕೆ ಪಾಲಿಕೆ ನೀರು ಮುಖ್ಯವಾಗಿ ಮಲಪ್ರಭೆಯಿಂದ, ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಬರುತ್ತದೆ. ಹುಬ್ಬಳ್ಳಿಗೆ ನೀರಸಾಗರವೂ ಇದೆ. ಗದಗ-ಬೆಟಗೇರಿಗೆ ತುಂಗಭದ್ರೆ. ಹಾವೇರಿ ಕಡೆ ತುಂಗಭದ್ರೆ, ವರದಾ. ಇವೆಲ್ಲ ಹೊಳೆ ನೀರು, ಬೋರ್‌ವೆಲ್‌ಗೆ ಹೋಲಿಸಿದರೆ ಸಾಮಾನ್ಯವಾಗಿ ಮೆದು. ಆದರೆ ನಲ್ಲಿಗೆ ದಿನಾ ನೀರು ಬರದ ಓಣಿಗಳೂ ಇವೆ. ಅಲ್ಲಿ ಸಂಪಿನಲ್ಲಿ ಇರುವುದು ಸ್ವಲ್ಪ ಪಾಲಿಕೆ ನೀರು, ಸ್ವಲ್ಪ ಬೋರ್‌ವೆಲ್, ಸ್ವಲ್ಪ ಟ್ಯಾಂಕರ್. 'ನಮ್ಮದು ಮಲಪ್ರಭಾ ನೀರ್ರಿ' ಅನ್ನುವವರೂ ಸಂಪಿನ ನೀರನ್ನೇ ಪರೀಕ್ಷೆ ಮಾಡಬೇಕು, ನಲ್ಲಿಯದ್ದನ್ನಲ್ಲ.

ಪರೀಕ್ಷೆ ಮಾಡುವ ಮೊದಲು ಒಂದು ಸುಳಿವು ಬೇಕೆಂದರೆ ನಿಮ್ಮ ಗೀಸರ್ ಕಾಯಿಲ್ ನೋಡಿ. ಬಿಳಿ ಹೊಪ್ಪಳಿಕೆ ದಪ್ಪಗೆ ಕೂತಿದೆಯಾ? ಟಬ್‌ನ ಹೀಟರ್‌ಗೂ ಅದೇ ಗತಿ. ಉಪ್ಪು, ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತವೆ. ಕ್ಯಾಲ್ಸಿಯಂ ಕಾರ್ಬೋನೇಟ್ ಹಾಗಲ್ಲ, ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಹಾಗಾಗಿ ಅತಿ ಬಿಸಿ ಇರುವ ಜಾಗದಲ್ಲೇ, ಅಂದರೆ ಹೀಟರ್ ಮೈ ಮೇಲೇ, ಮೊದಲು ಕಲ್ಲಾಗಿ ಕೂರುತ್ತದೆ. ನೀರು ಕಲ್ಲು ಕಟ್ಟುತ್ತದೋ ಲೋಹ ತಿನ್ನುತ್ತದೋ ಅಂತ ಲೆಕ್ಕ ಹಾಕುವ ಸೂತ್ರವನ್ನು 1936ರಲ್ಲೇ ವಿಲ್ಫ್ರೆಡ್ ಲ್ಯಾಂಜೆಲಿಯರ್ ಕೊಟ್ಟರು. ಅದರಲ್ಲಿ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ), ಕ್ಯಾಲ್ಸಿಯಂ, ಆಲ್ಕಲಿನಿಟಿ (ಪಿಎಚ್ ಜಿಗಿಯದಂತೆ ಹಿಡಿದಿಡುವ ಅಂಶ), ಶಾಖ ಎಲ್ಲ ಸೇರುತ್ತವೆ. ಮನೆ ಟಬ್‌ಗೆ ಸೂತ್ರ ಬಿಡಿಸುತ್ತ ಕೂರಬೇಕಿಲ್ಲ. ಈ ನಾಲ್ಕರಲ್ಲಿ ಒಂದು ಜಾಸ್ತಿಯಾದರೆ ಇನ್ನೊಂದನ್ನು ಇಳಿಸಿ ಸರಿದೂಗಿಸಬಹುದು ಅನ್ನುವುದು ಗೊತ್ತಿದ್ದರೆ ಸಾಕು.

ಟಬ್ ನೀರಿನ ಗುರಿ ಹೀಗಿರಲಿ. ಪಿಎಚ್ 7.2ರಿಂದ 7.8ರ ಒಳಗೆ, 7.4-7.6 ಇದ್ದರೆ ಉತ್ತಮ. ಆಲ್ಕಲಿನಿಟಿ 80ರಿಂದ 120 ಪಿಪಿಎಂ. ಕ್ಯಾಲ್ಸಿಯಂ ಗಡಸುತನ 150ರಿಂದ 250 ಪಿಪಿಎಂ. ಪಿಪಿಎಂ ಅಂದರೆ ಇಲ್ಲಿ ಲೀಟರ್‌ಗೆ ಇಷ್ಟು ಮಿಲಿಗ್ರಾಂ ಅಂತಲೇ ಇಟ್ಟುಕೊಳ್ಳಿ.

ಈಗ ಕುಡಿಯುವ ನೀರಿನ ಭಾರತೀಯ ಮಾನದಂಡ ನೋಡಿ. ಐಎಸ್ 10500 ಪ್ರಕಾರ ಗಡಸುತನ 200 ಇದ್ದರೆ ಒಳ್ಳೆಯದು, ಬೇರೆ ನೀರು ಸಿಗದಿದ್ದರೆ 600ರವರೆಗೂ ನಡೆಯುತ್ತದೆ. ಆಲ್ಕಲಿನಿಟಿಗೂ ಅದೇ 200 ಮತ್ತು 600. ಅಂದರೆ ಕುಡಿಯಲು ಪಾಸಾದ ನೀರು ಟಬ್‌ನಲ್ಲಿ ಫೇಲಾಗಬಹುದು. ಬೋರ್‌ವೆಲ್ ನೀರಲ್ಲಿ ಗಡಸುತನದ ಜತೆ ಆಲ್ಕಲಿನಿಟಿಯೂ ಜಾಸ್ತಿ ಇರುವುದು ಮಾಮೂಲು. ಹಾಗಿದ್ದರೆ ಪಿಎಚ್ ಎಷ್ಟು ಇಳಿಸಿದರೂ ಮತ್ತೆ ಏರುತ್ತಲೇ ಇರುತ್ತದೆ.

ಹಾಗಾದರೆ ಸವಳು ನೀರಿನವರು ಏನು ಮಾಡಬೇಕು? ಮೂರು ದಾರಿ ಇವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಳೆ ನೀರು. ನೂರು ಚದರ ಮೀಟರ್ ಛಾವಣಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಸೋರಿದ್ದು, ಸಿಡಿದದ್ದು ಕಳೆದರೂ ಎಂಟುನೂರು ಸಿಗುತ್ತದೆ. ಅಂದರೆ ಶ್ರಾವಣದ ಒಂದು ಒಳ್ಳೆಯ ಮಳೆ ಒಂದು ಸಣ್ಣ ಟಬ್ ತುಂಬುತ್ತದೆ! ಧಾರವಾಡದವರಿಗೆ ಇದು ಸಲೀಸು. ಗದಗದ ಕಡೆ ಮಳೆ ಕಡಿಮೆ, ಆದರೂ ಬಂದಾಗ ಹಿಡಿದಿಟ್ಟುಕೊಳ್ಳಬಹುದು. ಮೊದಲ ಮಳೆಯ ನೀರು ಬಿಟ್ಟುಬಿಡಿ. ಬೇಸಿಗೆಯ ಎರೆ ಮಣ್ಣಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ತೊಳೆದು ಹೋಗಲಿ. ಮಳೆ ನೀರಲ್ಲಿ ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡೂ ಇಲ್ಲವೆನ್ನುವಷ್ಟು ಕಡಿಮೆ. ಬೋರ್‌ವೆಲ್ ಗಡಸುತನ 600 ಇದ್ದರೆ ಅದರ ಒಂದು ಪಾಲಿಗೆ ಎರಡು ಪಾಲು ಮಳೆ ನೀರು ಸೇರಿಸಿ. 200ಕ್ಕೆ ಬಂತು, ಅಲ್ವಾ? ಆಲ್ಕಲಿನಿಟಿಯೂ ಅದೇ ಲೆಕ್ಕದಲ್ಲಿ ಮೂರನೇ ಒಂದಕ್ಕೆ ಇಳಿಯುತ್ತದೆ.

ಎರಡನೆಯದು ಪಾಲಿಕೆ ನೀರು ಬೆರೆಸುವುದು. ಉದಾಹರಣೆಗೆ ನಿಮ್ಮ ಅಳತೆಯಲ್ಲಿ ನಲ್ಲಿ ನೀರು 120, ಬೋರ್‌ವೆಲ್ 600 ಬಂತು ಅಂದುಕೊಳ್ಳಿ. ಮೂರು ಪಾಲು ನಲ್ಲಿ ನೀರಿಗೆ ಒಂದು ಪಾಲು ಬೋರ್‌ವೆಲ್ ಹಾಕಿದರೆ 240.

ಮೂರನೆಯದು ಸಾಫ್ಟ್‌ನರ್. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಇರುತ್ತದೆ. ಇದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಆಲ್ಕಲಿನಿಟಿಯನ್ನು ಮುಟ್ಟುವುದೇ ಇಲ್ಲ. ಬರೀ ಸಾಫ್ಟ್‌ನರ್ ನೀರು ತುಂಬಿದರೆ ನೊರೆ ಬೇಗ ಬರುತ್ತದೆ. ಸ್ವಲ್ಪ ಕಚ್ಚಾ ನೀರು ಬೆರೆಸಿಕೊಂಡರೆ ಒಳ್ಳೆಯದು.

ಕಬ್ಬಿಣದ ಅಂಶ ಇದೆಯಾ ಅಂತಲೂ ನೋಡಿಬಿಡಿ. ಒಂದು ಬಿಳಿ ಬಕೆಟ್‌ನಲ್ಲಿ ಬೋರ್‌ವೆಲ್ ನೀರು ಹಿಡಿದು ಕೆಲವು ಹನಿ ಹೈಪೋ (ದ್ರವ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್) ಹಾಕಿ ಒಂದು ತಾಸು ಬಿಡಿ. ನೀರು ಕಂದಾದರೆ ಕಬ್ಬಿಣ ಇದೆ. ಟಬ್‌ಗೆ ಕ್ಲೋರಿನ್ ಬಿದ್ದ ಕ್ಷಣ ಅಲ್ಲಿಯೂ ಇದೇ ಆಗುತ್ತದೆ, ಅಕ್ರಿಲಿಕ್ ಮೇಲೆ ಕಲೆ ಉಳಿಯುತ್ತದೆ. ಅಂಥ ನೀರು ಬಳಸಬೇಡಿ.

ಅಳತೆಯ ಸಾಮಾನು

ಅಂದಾಜಿನ ಮೇಲೆ ಟಬ್ ನಡೆಸಬೇಡಿ. ಪಟ್ಟಿ ಅದ್ದಿ ಬಣ್ಣ ನೋಡುವ ಟೆಸ್ಟ್ ಸ್ಟ್ರಿಪ್ ದಿನನಿತ್ಯಕ್ಕೆ ಸಾಕು, ಆದರೆ ತೇವಕ್ಕೆ ಬೇಗ ಕೆಡುತ್ತದೆ. ಮಳೆಗಾಲದಲ್ಲಿ ಡಬ್ಬಿ ಮುಚ್ಚಳ ಗಟ್ಟಿ ಹಾಕಿಡಿ, ಒದ್ದೆ ಕೈ ಒಳಗೆ ಹಾಕಬೇಡಿ. ವಾರಕ್ಕೊಮ್ಮೆ ಹನಿ ಹಾಕಿ ನೋಡುವ ಕಿಟ್ ಬಳಸಿ. ಈಜುಕೊಳದ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ, ಆನ್‌ಲೈನ್‌ನಲ್ಲೂ ಇದೆ. ಅದು ಸಿಗದಿದ್ದರೆ ಅಕ್ವೇರಿಯಂ ಅಂಗಡಿಗೆ ಹೋಗಿ ಕೆಎಚ್ ಕಿಟ್ ಕೇಳಿ. ಮೀನು ಸಾಕುವವರು ಕೆಎಚ್ ಅನ್ನುವುದು ನಮ್ಮ ಆಲ್ಕಲಿನಿಟಿಯೇ. ಅದರ ಒಂದು ಡಿಗ್ರಿ ಅಂದರೆ ಸುಮಾರು 18 ಪಿಪಿಎಂ. ಅಲ್ಲಿಯ ಜಿಎಚ್ ಮಾತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಸೇರಿಸಿ ತೋರಿಸುತ್ತದೆ. ಬೋರ್‌ವೆಲ್ ನೀರಿನ ಪೂರ್ತಿ ಲೆಕ್ಕ ಒಮ್ಮೆ ಬೇಕೆಂದರೆ ಜಿಲ್ಲಾ ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ವಿಚಾರಿಸಿ.

ಕ್ಲೋರಿನ್ ಅಳೆಯುವಾಗ ಎರಡು ಬಗೆಯ ಕಿಟ್ ಸಿಗುತ್ತವೆ. ಹಳದಿ ಬಣ್ಣ ಬರುವುದು ಆರ್ಥೋಟಾಲಿಡಿನ್. ಬಾವಿ, ಟ್ಯಾಂಕಿಗಳ ಕ್ಲೋರಿನ್ ನೋಡಲು ಆರೋಗ್ಯ ಸಿಬ್ಬಂದಿ ತರುವ ಕ್ಲೋರೋಸ್ಕೋಪ್‌ನಲ್ಲಿ ಇದೇ ಇರುತ್ತದೆ. ಆದರೆ ಇದು ಕೆಲಸ ಮಾಡುವ ಕ್ಲೋರಿನ್, ಸುಸ್ತಾದ ಕ್ಲೋರಿನ್ (ಬೆವರು, ಕೊಳೆಯ ಜತೆ ಸೇರಿ ಶಕ್ತಿ ಕಳೆದುಕೊಂಡದ್ದು) ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಟಬ್‌ಗೆ ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ಟೇ ಬೇಕು, ಅದು ಎರಡನ್ನೂ ಬೇರೆ ಬೇರೆ ತೋರಿಸುತ್ತದೆ. ಒಂದು ಎಚ್ಚರ: ಕ್ಲೋರಿನ್ ತೀರಾ ಜಾಸ್ತಿ ಇದ್ದರೆ ಆ ಗುಲಾಬಿಯನ್ನೇ ಅದು ತಿಂದುಬಿಡುತ್ತದೆ. ನೀರು ಬಿಳಿಯಾಗೇ ಉಳಿಯುತ್ತದೆ. ಕ್ಲೋರಿನ್ ಇಲ್ಲ ಅಂತ ತಿಳಿದು ಇನ್ನಷ್ಟು ಸುರಿಯುವವರು ಇದ್ದಾರೆ. ಅನುಮಾನ ಬಂದರೆ ಒಂದು ಪಾಲು ಟಬ್ ನೀರಿಗೆ ನಾಲ್ಕು ಪಾಲು ಕ್ಲೋರಿನ್ ಇಲ್ಲದ ನೀರು ಬೆರೆಸಿ ನೋಡಿ, ಬಂದ ಅಂಕಿಯನ್ನು ಐದರಿಂದ ಗುಣಿಸಿ.

ಹಳೆ ನೀರು ಬಿಡುವ ಮುಂಚೆ

ಟಬ್ ಮೇಲೆ ಫಳಫಳ ಹೊಳೆದರೂ ಜೆಟ್‌ಗಳ ಹಿಂದಿನ ಪೈಪ್‌ನಲ್ಲಿ ಲೋಳೆ ಕಟ್ಟಿರುತ್ತದೆ. ಬ್ಯಾಕ್ಟೀರಿಯಾ ಅದರೊಳಗೆ ಮನೆ ಮಾಡಿಕೊಂಡು ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ಹಳೆ ನೀರು ಇರುವಾಗಲೇ ಪೈಪ್ ತೊಳೆಯುವ ದ್ರಾವಣ ಹಾಕಿ, ಫಿಲ್ಟರ್ ಹೊರಗೆ ತೆಗೆದು, ಎಲ್ಲ ಜೆಟ್ ತೆರೆದು ಓಡಿಸಿ. ಕಂದು ಬಣ್ಣದ ನೊರೆ ಮೇಲೆ ಬರುತ್ತದೆ. ನೋಡಿದರೆ ಅಸಹ್ಯ, ಬಂದರೆ ಒಳ್ಳೆಯದು. ಆ ನೀರು ಹೊರಗೆ ಬಿಟ್ಟು, ಟಬ್‌ನ ಮೈ ಒರೆಸಿ, ಒಮ್ಮೆ ಬರೀ ನೀರಲ್ಲಿ ಜಾಲಿಸಿ. ಬೇರೆಯವರಿಂದ ಸೆಕೆಂಡ್ ಹ್ಯಾಂಡ್ ಟಬ್ ತಂದಿದ್ದರೆ ಈ ಕೆಲಸ ಎರಡು ಸಲ ಮಾಡಿ.

ಹೊಸ ನೀರನ್ನು ಫಿಲ್ಟರ್ ಕೂರುವ ಜಾಗದಿಂದ ತುಂಬಿ. ಪಂಪ್‌ನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಎಷ್ಟು ಲೀಟರ್ ಹಿಡಿಯಿತು ಅಂತ ಬರೆದಿಡಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೇ.

ತುಂಬಿದ ದಿನ: ಮೊದಲು ಆಲ್ಕಲಿನಿಟಿ, ಆಮೇಲೆ ಪಿಎಚ್

ಈ ಅನುಕ್ರಮ ತಪ್ಪಿಸಬೇಡಿ. ಪಿಎಚ್ ಆ ಕಡೆ ಈ ಕಡೆ ಜಿಗಿಯದಂತೆ ಹಿಡಿದಿಡುವುದೇ ಆಲ್ಕಲಿನಿಟಿ. ಅದು ಸರಿಯಾಗದೆ ಪಿಎಚ್ ತಿದ್ದಲು ಹೋದರೆ ಸುಮ್ನೆ ಪುಡಿ ಖರ್ಚು.

ಕೆಳಗಿನ ಲೆಕ್ಕ ಸಾವಿರ ಲೀಟರ್‌ಗೆ. ನಿಮ್ಮ ಟಬ್ 1,200 ಲೀಟರ್ ಇದ್ದರೆ 1.2ರಿಂದ ಗುಣಿಸಿಕೊಳ್ಳಿ.

- ಆಲ್ಕಲಿನಿಟಿ 10 ಪಿಪಿಎಂ ಏರಿಸಲು ಅಡುಗೆ ಸೋಡಾ ಸುಮಾರು 17 ಗ್ರಾಂ.
- ಆಲ್ಕಲಿನಿಟಿ 10 ಪಿಪಿಎಂ ಇಳಿಸಲು ಡ್ರೈ ಆಸಿಡ್, ಅಂದರೆ ಸೋಡಿಯಂ ಬೈಸಲ್ಫೇಟ್, ಸುಮಾರು 24 ಗ್ರಾಂ.
- ಕ್ಯಾಲ್ಸಿಯಂ 10 ಪಿಪಿಎಂ ಏರಿಸಲು ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಸುಮಾರು 15 ಗ್ರಾಂ.
- ಕ್ಲೋರಿನ್ 1 ಪಿಪಿಎಂ ಏರಿಸಲು 10 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಸುಮಾರು 10 ಮಿಲಿಲೀಟರ್.

ಕ್ಯಾಲ್ಸಿಯಂ ಇಳಿಸುವ ಪುಡಿ ಪಟ್ಟಿಯಲ್ಲಿ ಇಲ್ಲ ನೋಡಿ. ಮನೆಯಲ್ಲಿ ಅದಕ್ಕೆ ಸುಲಭದ ಮದ್ದಿಲ್ಲ, ಮೆದು ನೀರು ಬೆರೆಸುವುದೇ ದಾರಿ.

ಪೂರ್ತಿ ಮಳೆ ನೀರು ತುಂಬಿದ್ದೀರಿ ಅಂದುಕೊಳ್ಳಿ. ಆಲ್ಕಲಿನಿಟಿ ಸೊನ್ನೆಯಿಂದ 80ಕ್ಕೆ ಬರಲು ಸಾವಿರ ಲೀಟರ್‌ಗೆ ಸುಮಾರು 135 ಗ್ರಾಂ ಅಡುಗೆ ಸೋಡಾ. ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಇದರ ಬದಲು ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಹಾಕಬೇಡಿ, ಅದು ಪಿಎಚ್ ಅನ್ನು ಒಮ್ಮೆಲೇ ಮೇಲೆ ಎಸೆಯುತ್ತದೆ.

ಈಗ ಉಲ್ಟಾ ಕಡೆ ನೋಡಿ. ಬರೀ ಬೋರ್‌ವೆಲ್ ನೀರು, ಆಲ್ಕಲಿನಿಟಿ 350. ಅದನ್ನು 100ಕ್ಕೆ ತರಲು 600 ಗ್ರಾಂ ಡ್ರೈ ಆಸಿಡ್ ಬೇಕು. ಒಂದೇ ಸಲಕ್ಕೆ ಹಾಕಿದರೆ ಪಿಎಚ್ ಪಾತಾಳಕ್ಕೆ ಬಿದ್ದು ಹೀಟರ್‌ನ ಲೋಹ ತಿನ್ನುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಹಾಕಿ ಪಿಎಚ್ 7.0-7.2ಕ್ಕೆ ಇಳಿಸಿ. ಮುಚ್ಚಳ ತೆಗೆದು, ಗಾಳಿ ಬಿಟ್ಟು ಜೆಟ್ ಓಡಿಸಿ. ನೀರಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಪಿಎಚ್ ತಾನಾಗೇ ಏರುತ್ತದೆ. ಆದರೆ ಆಲ್ಕಲಿನಿಟಿ ಮತ್ತೆ ಏರುವುದಿಲ್ಲ. ಮತ್ತೆ ಆಸಿಡ್, ಮತ್ತೆ ಗಾಳಿ. ಗುರಿ ಮುಟ್ಟುವವರೆಗೆ ಹೀಗೇ. ಒಂದೆರಡು ದಿನದ ಕೆಲಸ. ಮಳೆ ನೀರು ಬೆರೆಸಿ ಅಂತ ನಾನು ಯಾಕೆ ಅಷ್ಟು ಹೇಳಿದೆ ಅಂತ ಆಗ ಗೊತ್ತಾಗುತ್ತದೆ.

ಇದೇ ಕಾರಣಕ್ಕೆ ದಿನಾ ಬಬಲ್ ಬಿಡುವ ಟಬ್‌ನಲ್ಲಿ ಪಿಎಚ್ ಏರುವ ಕಡೆಗೇ ವಾಲುತ್ತದೆ. ಹೈಪೋ ಬಳಸುವವರು ಆಲ್ಕಲಿನಿಟಿಯನ್ನು 80ರ ಹತ್ತಿರವೇ ಇಟ್ಟುಕೊಂಡರೆ ಆಸಿಡ್ ಖರ್ಚು ಕಡಿಮೆ.

ಯಾವ ಪುಡಿ ಹಾಕಿದರೂ ಮೊದಲು ಒಂದು ಪ್ಲಾಸ್ಟಿಕ್ ಬಕೆಟ್ ನೀರಲ್ಲಿ ಕರಗಿಸಿ, ಪಂಪ್ ಓಡುತ್ತಿರುವಾಗ ನಿಧಾನ ಸುರಿಯಿರಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಹಾಕಬಾರದು. ಅರ್ಧ ತಾಸು ಬಿಟ್ಟು ಮತ್ತೆ ಅಳೆಯಿರಿ. ಲೆಕ್ಕ ಬಂದದ್ದರಲ್ಲಿ ಮುಕ್ಕಾಲು ಭಾಗ ಮಾತ್ರ ಮೊದಲು ಹಾಕುವುದು ಜಾಣತನ.

ಕ್ಲೋರಿನ್

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ಹಾಟ್ ಟಬ್‌ಗೆ ಕನಿಷ್ಠ 3 ಪಿಪಿಎಂ ಕ್ಲೋರಿನ್ ಇರಬೇಕು ಅನ್ನುತ್ತದೆ. ನಾವು 3ರಿಂದ 5ರ ನಡುವೆ ಇಟ್ಟುಕೊಳ್ಳೋಣ. ತಣ್ಣೀರಿನ ಈಜುಕೊಳಕ್ಕಿಂತ ಇದು ಜಾಸ್ತಿ, ಯಾಕೆಂದರೆ ಬಿಸಿ ನೀರಲ್ಲಿ ಕ್ಲೋರಿನ್ ಬೇಗ ಖರ್ಚಾಗುತ್ತದೆ, ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಮೈಯಲ್ಲಿ ಕೆಂಪು ಗುಳ್ಳೆ ತರುವ ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾ ಕ್ಲೋರಿನ್ ಕಡಿಮೆಯಾದ ನೀರಿನಲ್ಲೇ ಬರುವುದು. ಅದಕ್ಕಿಂತ ಅಪಾಯದ್ದು ಲೀಜನೆಲ್ಲಾ. ಟಬ್‌ನಿಂದ ಏಳುವ ಹಬೆ, ತುಂತುರಿನ ಜತೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರಿಸುತ್ತದೆ. ಫಿಲಡೆಲ್ಫಿಯಾದಲ್ಲಿ 1976ರಲ್ಲಿ ಒಂದು ಸಮಾವೇಶಕ್ಕೆ ಬಂದವರು ಗುಂಪಾಗಿ ಕಾಯಿಲೆ ಬಿದ್ದ ಮೇಲೆ ಇದು ಪತ್ತೆಯಾಯಿತು. ಹೋಮ್‌ಸ್ಟೇ ನಡೆಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕ್ಲೋರಿನ್ ಎಷ್ಟಿದೆ ಅನ್ನುವಷ್ಟೇ ಮುಖ್ಯ ಪಿಎಚ್ ಎಷ್ಟಿದೆ ಅನ್ನುವುದು. ಪಿಎಚ್ 7.5ರಲ್ಲಿ ಸುಮಾರು ಅರ್ಧ ಭಾಗ ಕ್ಲೋರಿನ್ ಗಟ್ಟಿ ಕೆಲಸ ಮಾಡುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಬೋರ್‌ವೆಲ್ ನೀರಿನ ಟಬ್‌ಗಳಲ್ಲಿ 'ಎಷ್ಟ್ ಹಾಕಿದ್ರೂ ಸಾಲವಲ್ದು' ಅನ್ನುವ ದೂರಿನ ಮೂಲ ಬಹಳ ಸಲ ಇಲ್ಲೇ ಇದೆ.

ಯಾವ ಕ್ಲೋರಿನ್ ತರಬೇಕು? ನನ್ನ ಆಯ್ಕೆ ದ್ರವ ಸೋಡಿಯಂ ಹೈಪೋಕ್ಲೋರೈಟ್. ಅಂಗಡಿಯವರು ಹೈಪೋ ಅನ್ನುತ್ತಾರೆ. ವಾಸನೆ, ಬಣ್ಣ, ಸೋಪು ಬೆರೆಸಿದ ನೆಲ ಒರೆಸುವ ಬಾಟಲಿ ಬೇಡ. ಕ್ಯಾನ್ ಮೇಲೆ ಶೇಕಡಾ ಎಷ್ಟು, ತಯಾರಾದ ತಿಂಗಳು ಯಾವುದು ನೋಡಿ. ಇದು ಬಿಸಿಲಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಅಂಗಡಿ ಹೊರಗೆ ಒಟ್ಟಿದ ಕ್ಯಾನ್ ಅಗ್ಗಕ್ಕೆ ಕೊಟ್ಟರೂ ಬಿಡಿ. ಸಣ್ಣ ಕ್ಯಾನ್ ತಂದು ನೆರಳಲ್ಲಿ ಇಟ್ಟು ಬೇಗ ಮುಗಿಸಿ.

ಡೈಕ್ಲೋರ್ ಪುಡಿ ಬಳಸಲು ಅನುಕೂಲ, ಬೇಗ ಕರಗುತ್ತದೆ. ಆದರೆ ಪ್ರತಿ 10 ಪಿಪಿಎಂ ಕ್ಲೋರಿನ್ ಜತೆ ಸುಮಾರು 9 ಪಿಪಿಎಂ ಸಯನ್ಯೂರಿಕ್ ಆಸಿಡ್ ನೀರಿಗೆ ಸೇರಿಸುತ್ತದೆ. ಅದು ಹೋಗುವುದಿಲ್ಲ, ಕೂಡುತ್ತಲೇ ಇರುತ್ತದೆ, ಕ್ಲೋರಿನ್ನಿನ ಕೈ ಕಟ್ಟುತ್ತದೆ. ಹಾಟ್ ಟಬ್‌ಗೆ ಸಯನ್ಯೂರಿಕ್ ಆಸಿಡ್ ಇರುವ ಕ್ಲೋರಿನ್ ಬೇಡ ಅಂತಲೇ ಸಿಡಿಸಿ ಸಲಹೆ. ಈಜುಕೊಳಕ್ಕೆ ಮಾರುವ ಟಿಸಿಸಿಎ ಮಾತ್ರೆ ಇನ್ನೂ ಬೇಡ. ಅದು ತೀರಾ ಆಮ್ಲೀಯ, ನಿಧಾನ ಕರಗುತ್ತದೆ. ಟಬ್ ತಳಕ್ಕೆ ಬಿದ್ದರೆ ಅಕ್ರಿಲಿಕ್ ಹಾಳು. ಬ್ಲೀಚಿಂಗ್ ಪೌಡರ್ ಬಾವಿಗೆ ಸರಿ, ಟಬ್‌ಗೆ ಅಲ್ಲ. ಅದರಲ್ಲಿ ಸುಣ್ಣವೇ ಜಾಸ್ತಿ. ಮೊದಲೇ ಸವಳು ನೀರು, ಅದಕ್ಕೆ ಮತ್ತೆ ಸುಣ್ಣ ಯಾಕೆ? ಬ್ರೋಮಿನ್ ಒಳ್ಳೆಯದೇ, 4ರಿಂದ 8 ಪಿಪಿಎಂ ಇಡಬೇಕು, ಆದರೆ ದುಬಾರಿ.

ಓಝೋನ್, ಯುವಿ ಇರುವ ಟಬ್‌ಗೂ ಕ್ಲೋರಿನ್ ಬೇಕು.

ದಿನದ ಕೆಲಸ, ವಾರದ ಕೆಲಸ

ಇಳಿಯುವ ಮುಂಚೆ ಪಟ್ಟಿ ಅದ್ದಿ ನೋಡಿ. ಕ್ಲೋರಿನ್ 3ಕ್ಕಿಂತ ಕಡಿಮೆ ಇದ್ದರೆ ಇಳಿಯಬೇಡಿ. ಎದ್ದ ಮೇಲೆ ಕ್ಲೋರಿನ್ ಹಾಕಿ. ಇದು ಬಹಳ ಜನ ಬಿಡುವ ಹಂತ. ಬೆವರು, ಎಣ್ಣೆ ಎಲ್ಲ ಆಗಷ್ಟೇ ನೀರಿಗೆ ಸೇರಿರುತ್ತದೆ, ಮರುದಿನದವರೆಗೆ ಹಾಗೇ ಬಿಟ್ಟರೆ ಕ್ಲೋರಿನ್ ಸೊನ್ನೆಗೆ ಬಿದ್ದಿರುತ್ತದೆ. ಒಬ್ಬರು ಇಪ್ಪತ್ತು ನಿಮಿಷ ಕೂತರೆ 10 ಶೇಕಡಾ ಹೈಪೋ 25-30 ಮಿಲಿಲೀಟರ್ ಅಂತ ಶುರು ಮಾಡಿ. ಮರುದಿನ ಅಳೆದು ಹೆಚ್ಚು ಕಡಿಮೆ ಮಾಡಿಕೊಳ್ಳಿ. ಹಾಕಿದ ಮೇಲೆ ಇಪ್ಪತ್ತು ನಿಮಿಷ ಮುಚ್ಚಳ ತೆರೆದಿಡಿ, ಇಲ್ಲದಿದ್ದರೆ ಆವಿ ಮುಚ್ಚಳದ ಒಳಮೈ ತಿನ್ನುತ್ತದೆ.

ವಾರಕ್ಕೊಮ್ಮೆ ಆಲ್ಕಲಿನಿಟಿ, ಪಿಎಚ್ ನೋಡಿ ತಿದ್ದಿ. ಫಿಲ್ಟರ್ ತೆಗೆದು ಮಡಿಕೆ ಮಡಿಕೆಯನ್ನೂ ಪೈಪ್ ನೀರಲ್ಲಿ ತೊಳೆಯಿರಿ. ಗದಗ, ನರಗುಂದದ ಕಡೆ ಬೇಸಿಗೆ ಗಾಳಿಯಲ್ಲಿ ವಾರಕ್ಕೆ ಎರಡು ಸಲ ಬೇಕಾದೀತು. ತಿಂಗಳಿಗೊಮ್ಮೆ ಆಳವಾದ ತೊಳೆತ. ಮೊದಲು ಫಿಲ್ಟರ್ ಕ್ಲೀನರ್‌ನಲ್ಲಿ ನೆನೆಸಿ ಎಣ್ಣೆ ಜಿಡ್ಡು ಬಿಡಿಸಿ, ಚೆನ್ನಾಗಿ ಜಾಲಿಸಿ, ಆಮೇಲೆ ಸುಣ್ಣ ಬಿಡಿಸಲು ನೀರು ಬೆರೆಸಿದ ಬಿಳಿ ವಿನೆಗರ್. ಜಿಡ್ಡು ಇರುವಾಗಲೇ ಆಮ್ಲಕ್ಕೆ ಹಾಕಿದರೆ ಜಿಡ್ಡು ಬಟ್ಟೆಗೆ ಕಚ್ಚಿಕೊಂಡು ಕೂರುತ್ತದೆ.

ಒಟ್ಟು ಕ್ಲೋರಿನ್‌ನಲ್ಲಿ ಕೆಲಸ ಮಾಡುವ ಕ್ಲೋರಿನ್ ಕಳೆದರೆ ಉಳಿದದ್ದು ಸುಸ್ತಾದದ್ದು. ಅದು 0.5 ದಾಟಿದರೆ ಶಾಕ್ ಕೊಡಿ. ಸಾವಿರ ಲೀಟರ್‌ಗೆ 100 ಮಿಲಿಲೀಟರ್ ಹೈಪೋ ಹಾಕಿ 10 ಪಿಪಿಎಂ ಏರಿಸಿ, ಮುಚ್ಚಳ ತೆಗೆದು ಪಂಪ್ ಓಡಿಸಿ. ಕ್ಲೋರಿನ್ 5ಕ್ಕೆ ಇಳಿಯುವವರೆಗೆ ಯಾರೂ ಇಳಿಯಬಾರದು. ಮೂಗಿಗೆ ಬಡಿಯುವ ಕ್ಲೋರಿನ್ ವಾಸನೆ, ಕಣ್ಣುರಿ ಬರುವುದು ಈ ಸುಸ್ತಾದ ಕ್ಲೋರಿನ್‌ನಿಂದ. ಅದಕ್ಕೆ ಮದ್ದು ಇನ್ನಷ್ಟು ಕ್ಲೋರಿನ್. ಶುರುವಿನಲ್ಲಿ ಉಲ್ಟಾ ಅಂದದ್ದು ಇದನ್ನೇ.

ಶಾಖ 40 ಡಿಗ್ರಿ ದಾಟಿಸಬೇಡಿ. ಐದು ವರ್ಷದೊಳಗಿನ ಮಕ್ಕಳನ್ನು ಇಳಿಸಬೇಡಿ. ಬಸುರಿಯರು, ಹೃದಯದ ತೊಂದರೆ ಅಥವಾ ಬಿಪಿ ಇರುವವರು ಡಾಕ್ಟರನ್ನು ಕೇಳಿಯೇ ಇಳಿಯಬೇಕು.

ಎಣ್ಣೆ ಮತ್ತು ಬಣ್ಣ

ದೀಪಾವಳಿಗೆ ಬಂದ ನೆಂಟರು ಮೈ ತುಂಬ ಎಣ್ಣೆ ಹಚ್ಚಿಕೊಂಡು ಸೀದಾ ಟಬ್‌ಗೆ ಇಳಿದರೆ ಆ ನೀರಿನ ಕಥೆ ಮುಗಿಯಿತು. ಎಣ್ಣೆ ಕ್ಲೋರಿನ್ನೆಲ್ಲ ಕುಡಿಯುತ್ತದೆ, ಫಿಲ್ಟರ್ ಮುಚ್ಚುತ್ತದೆ, ಜೆಟ್ ಹಾಕಿದರೆ ನೊರೆಯ ಗುಡ್ಡ. ಅಜ್ಜಿಗೆ ಬೇಸರವಾಗದಂತೆ ಹೇಳಿ: ಎಣ್ಣೆ ಸ್ನಾನ ಬಚ್ಚಲಲ್ಲಿ, ಸೀಗೆಕಾಯಿ ಹಾಕಿ ತೊಳೆದ ಮೇಲೆ ಟಬ್. ಹುಬ್ಬಳ್ಳಿಯ ರಂಗಪಂಚಮಿ ದಿನವಂತೂ ಟಬ್‌ಗೆ ಬೀಗ ಹಾಕುವುದೇ ವಾಸಿ. ಬಣ್ಣ ಅಕ್ರಿಲಿಕ್‌ಗೂ ಹಿಡಿಯುತ್ತದೆ.

ಮಾಮೂಲು ದಿನಗಳಲ್ಲೂ ಇಳಿಯುವ ಮುಂಚೆ ಒಂದು ನಿಮಿಷ ಮೈ ತೊಳೆದುಕೊಂಡರೆ ಕ್ಲೋರಿನ್ ಖರ್ಚು ಎದ್ದು ಕಾಣುವಷ್ಟು ಇಳಿಯುತ್ತದೆ. ಈಜುಡುಗೆಯನ್ನು ಡಿಟರ್ಜೆಂಟ್ ಉಳಿಯದಂತೆ ಎರಡು ಸಲ ಜಾಲಿಸಿ.

ನೀರು ಕೆಟ್ಟಾಗ

ಮಬ್ಬಾಗಿದೆಯಾ? ಮೊದಲು ಕ್ಲೋರಿನ್ ಅಳೆಯಿರಿ. ಸೊನ್ನೆ ಇದ್ದರೆ ಶಾಕ್. ಕ್ಲೋರಿನ್ ಸರಿಯಿದ್ದು ಪಿಎಚ್ 8ರ ಹತ್ತಿರ ಇದ್ದರೆ ಅದು ತೇಲುವ ಸುಣ್ಣ, ಪಿಎಚ್ ಇಳಿಸಿ ಒಂದು ದಿನ ಫಿಲ್ಟರ್ ಓಡಿಸಿ. ಪಟಿಕ ಆಡಿಸಿ ತಿಳಿ ಮಾಡೋಣ ಅನ್ನುವವರು ಸಿಗುತ್ತಾರೆ. ಕೊಡದ ನೀರಿಗೆ ಸರಿ. ಟಬ್‌ನಲ್ಲಿ ಅದು ಪಿಎಚ್ ಇಳಿಸಿ, ಫಿಲ್ಟರ್‌ಗೆ ಅಂಟು ಬಳಿಯುತ್ತದೆ. ಹಸಿರಾಗಿದೆ ಅಂತ ಹೊಲದ ಔಷಧಿಯ ಜತೆ ಇರುವ ಮೈಲುತುತ್ತ ತಂದು ಹಾಕುವುದಂತೂ ಬೇಡವೇ ಬೇಡ. ತಾಮ್ರದ ಕಲೆ ಟಬ್‌ಗೂ ಹಿಡಿಯುತ್ತದೆ, ಕೂದಲಿಗೂ ಹಿಡಿಯುತ್ತದೆ.

ಪಾಯಖಾನೆ ತೊಳೆಯುವ ಆಸಿಡ್‌ನಿಂದ ಪಿಎಚ್ ಇಳಿಸುವುದೂ ಬೇಡ. ಅದರಲ್ಲಿ ಬೇರೆ ಏನೇನು ಬೆರೆತಿರುತ್ತದೋ ಗೊತ್ತಾಗುವುದಿಲ್ಲ.

ಇನ್ನು ಪ್ರಾಣದ ವಿಷಯ. ಆಸಿಡ್ ಮತ್ತು ಕ್ಲೋರಿನ್ ಒಂದೇ ಬಕೆಟ್‌ನಲ್ಲಿ, ಒಂದೇ ಚಮಚದಲ್ಲಿ, ಒಂದೇ ಕಪಾಟಿನಲ್ಲಿ ಬೇಡ. ಸೇರಿದರೆ ವಿಷದ ಗಾಳಿ ಏಳುತ್ತದೆ. ಬ್ಲೀಚಿಂಗ್ ಪೌಡರ್ ಮತ್ತು ಟಿಸಿಸಿಎ ಬೆರೆತರೆ ಬೆಂಕಿ ಹೊತ್ತಬಹುದು, ಸಿಡಿಯಬಹುದು. ಎರಡಕ್ಕೂ ಬೇರೆ ಬೇರೆ ಅಳತೆ ಲೋಟ ಇಟ್ಟು, ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ. ಟಬ್ ನೋಡಿಕೊಳ್ಳುವವರು ಬದಲಾಗುತ್ತಿರುತ್ತಾರೆ. ಕೈಗೆ ಗವಸು, ಕಣ್ಣಿಗೆ ಕನ್ನಡಕ.

ಕರೆಂಟ್ ಹೋಗಿ ಪಂಪ್ ಬಹಳ ಹೊತ್ತು ನಿಂತಿದ್ದರೆ, ಬಂದ ಮೇಲೆ ಮೊದಲು ಪಂಪ್ ಓಡಿಸಿ, ಕ್ಲೋರಿನ್ ಅಳೆದು ಆಮೇಲೆ ಇಳಿಯಿರಿ. ಬೆಚ್ಚಗೆ ನಿಂತ ನೀರಲ್ಲಿ ಬ್ಯಾಕ್ಟೀರಿಯಾಗೆ ಹಬ್ಬ.

ನೀರು ಬದಲಿಸುವುದು

ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಕರಗಿದ ಉಪ್ಪು, ಬೆವರಿನ ಅಂಶ ಕೂಡುತ್ತ ಹೋಗುತ್ತದೆ. ಒಂದು ಹಳೆ ಲೆಕ್ಕ ಇದೆ. ಟಬ್‌ನ ಲೀಟರ್ ಅನ್ನು 11ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವ ಜನರಿಂದ ಭಾಗಿಸಿ. ಸಾವಿರ ಲೀಟರ್, ದಿನಕ್ಕೆ ಇಬ್ಬರು ಅಂದರೆ ಸುಮಾರು 45 ದಿನ. ವಾರಾಂತ್ಯಕ್ಕೆ ಮಾತ್ರ ಬಳಸುವ ಮನೆಗೆ ಮೂರು ತಿಂಗಳು ಬಂದೀತು. ಹೋಮ್‌ಸ್ಟೇಗೆ ಅಷ್ಟು ಬರುವುದಿಲ್ಲ. ಆವಿಯಾದ ನೀರಿಗೆ ಮೇಲಿಂದ ಮೇಲೆ ಬೋರ್‌ವೆಲ್ ನೀರು ಸೇರಿಸುತ್ತಿದ್ದರೆ ಗಡಸುತನ ಏರುತ್ತಲೇ ಹೋಗುತ್ತದೆ ಅನ್ನುವುದೂ ನೆನಪಿರಲಿ. ನೀರು ಹೋಗುತ್ತದೆ, ಕ್ಯಾಲ್ಸಿಯಂ ಉಳಿಯುತ್ತದೆ. ಮೇಲಿನಿಂದ ಸೇರಿಸಲು ಒಂದು ಡ್ರಮ್ ಮಳೆ ನೀರು ಬೇರೆ ಇಟ್ಟುಕೊಳ್ಳಿ.

ಬಿಡುವ ನೀರನ್ನು ಕೆರೆಗೆ, ಹಳ್ಳಕ್ಕೆ ಹೋಗುವ ಗಟಾರಕ್ಕೆ ಹಾಗೇ ಬಿಡಬೇಡಿ, ಕ್ಲೋರಿನ್ ಮೀನಿಗೆ ವಿಷ. ಹೀಟರ್ ಆರಿಸಿ, ಕ್ಲೋರಿನ್ ಹಾಕುವುದು ನಿಲ್ಲಿಸಿ, ಮುಚ್ಚಳ ತೆಗೆದು ಎರಡು ಮೂರು ದಿನ ಬಿಸಿಲಿಗೆ ಬಿಡಿ. ಮಕ್ಕಳು, ದನಕರು ಹತ್ತಿರ ಬರದಂತೆ ನೋಡಿಕೊಳ್ಳಿ. ಪಟ್ಟಿಯಲ್ಲಿ ಕ್ಲೋರಿನ್ ಸೊನ್ನೆ ಬಂದ ಮೇಲೆ ತೆಂಗಿನ ಬುಡಕ್ಕೆ, ಅಂಗಳಕ್ಕೆ ಬಿಡಬಹುದು. ಆದರೆ ಪೈಪ್ ತೊಳೆಯುವ ದ್ರಾವಣ ಹಾಕಿದ ನೀರು ಗಿಡಕ್ಕೆ ಬೇಡ, ಅದು ಒಳಚರಂಡಿಗೇ ಹೋಗಲಿ. ಸೋಡಿಯಂ ತುಂಬಿದ ಸಾಫ್ಟ್‌ನರ್ ನೀರನ್ನೂ ಎರೆ ಹೊಲಕ್ಕೆ ಬಿಡಬೇಡಿ, ಮಣ್ಣು ಕಟ್ಟಿಹೋಗುತ್ತದೆ.